ಊಟಕ್ಕಲ್ಲ, ಓಟಿಗೆ

ಒಬ್ಬರೇ ಇರುವ ಮನೆಯಲ್ಲಿ ಮೊದಲು ಹಾಳಾಗುವ ವಸ್ತು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಗಂಟಲು ಎನ್ನುತ್ತೇನೆ. ಫ್ಯಾನು, ಮಿಕ್ಸರು, ನಲ್ಲಿ ಕೆಟ್ಟರೆ ಗೊತ್ತಾಗುತ್ತದೆ. ಫೋನು ಮಾಡಿದರೆ ಇಂದಲ್ಲ ನಾಳೆ ಯಾರಾದರೂ ಬಂದು ಬಿಚ್ಚಿ ನೋಡುತ್ತಾರೆ. ಗಂಟಲು ಹಾಗಲ್ಲ. ಬೆಳಿಗ್ಗೆ ಎದ್ದಾಗಿನಿಂದ ಯಾರೊಡನೆಯೂ ಮಾತಾಡದೆ ಸಂಜೆ ಅಂಗಡಿಗೆ ಹೋಗಿ ಸಕ್ಕರೆ ಕೊಡಿ ಎಂದು ಬಾಯಿ ತೆರೆದರೆ, ಒಳಗಿನಿಂದ ಬೇರೆ ಯಾರೋ ಮಾತಾಡಿದಂಥ ಸದ್ದು ಹೊರಡುತ್ತದೆ. ಅಂಗಡಿಯವನು ಥಂಡಿಯಾಗಿದೆಯೇ ಎಂದು ಕೇಳುತ್ತಾನೆ. ಇಲ್ಲಪ್ಪ, ಇದು ನನ್ನ ಇವತ್ತಿನ ಮೊದಲ ಮಾತು ಎಂದು ಹೇಳುವುದು ಹೇಗೆ? ಹೌದು, ಸ್ವಲ್ಪ ಥಂಡಿ ಎಂದು ಒಪ್ಪಿಕೊಂಡುಬಿಡುತ್ತೇನೆ. ಹೀಗಾಗಿ ಕಾರವಾರದ ಏಪ್ರಿಲ್ ಸೆಖೆಯಲ್ಲಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಲೇ, ನನಗೆ ಯಾವಾಗಲೂ ಥಂಡಿಯಾಗಿರುತ್ತದೆ.

ಒಂದು ಕಾಲದಲ್ಲಿ ಈ ಗಂಟಲಿಗೆ ಹೆಸರಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಹಾಗೆಯೇ ಕರೆಯುವುದು. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ. ಭಾವಿಕೇರಿ ಕಡೆ ಶಾಲೆಯಲ್ಲಿದ್ದಾಗ ನಾನು ತರಗತಿಯಲ್ಲಿ ಕೂತುಕೊಳ್ಳಿ ಎಂದರೆ ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ಕೂತುಬಿಡುತ್ತಿದ್ದರು ಎಂದು ಹೆಡ್ ಮಾಸ್ತರು ಎಲ್ಲರೆದುರು ಹೇಳಿ ನಗುತ್ತಿದ್ದರು. ಸ್ವಾತಂತ್ರ್ಯ ದಿನಾಚರಣೆಗೆ ಮೈಕು ಕೆಟ್ಟರೆ ಯಾರೂ ಗಾಬರಿಯಾಗುತ್ತಿರಲಿಲ್ಲ, ನನ್ನನ್ನು ಮುಂದೆ ದೂಡುತ್ತಿದ್ದರು. ನಿವೃತ್ತಿಯ ದಿನ ಬೀಗದ ಕೈಯನ್ನು ವಾಪಸು ತೆಗೆದುಕೊಂಡರು, ಹಾರ ಹಾಕಿದರು, ಗಡಿಯಾರ ಕೊಟ್ಟರು. ಇಷ್ಟು ದೊಡ್ಡ ಧ್ವನಿಯನ್ನು ಎರಡು ಕೋಣೆಯ ಮನೆಯಲ್ಲಿ ಎಲ್ಲಿಡಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ. ಮದುವೆಯಾಗಿದ್ದರೆ ಗಂಡನ ಮೇಲೆ ಖರ್ಚಾಗುತ್ತಿತ್ತೋ ಏನೋ. ಆದರೆ ನನಗೆ ಸಂಬಂಧ ಬಂದಾಗಲೆಲ್ಲ ಅದರ ಹಿಂದೆಯೇ ವರ್ಗಾವಣೆಯೂ ಬರುತ್ತಿತ್ತು, ಎರಡರಲ್ಲಿ ವರ್ಗಾವಣೆಯೇ ಬೇಗ ಪಕ್ಕಾ ಆಗುತ್ತಿತ್ತು.

ಈಗ ಕೋಡಿಬಾಗದಲ್ಲಿ ಒಂದು ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದೇನೆ. ಕೆಳಗೆ ಮಾಲೀಕರ ಕುಟುಂಬ. ಅವರು ತಮ್ಮೊಳಗೆ ಕೊಂಕಣಿಯಲ್ಲಿ ದಿನವಿಡೀ ನಗುತ್ತ, ಜಗಳವಾಡುತ್ತ ಇರುತ್ತಾರೆ. ನನ್ನ ಜೊತೆ ಕನ್ನಡದಲ್ಲಿ ನೀರಿನ ಮೋಟರಿನ ಬಗ್ಗೆ ಮಾತ್ರ ಮಾತಾಡುತ್ತಾರೆ. ಒಳ್ಳೆಯ ಜನ. ಹಿಂದಿನ ಖಾಲಿ ಜಾಗದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಅದರ ಕೆಲಸದವರಿಗಾಗಿ ತಗಡಿನ ಶೆಡ್ಡುಗಳನ್ನು ಹಾಕಿದ್ದಾರೆ. ಎಲ್ಲ ಕೊಪ್ಪಳದ ಕಡೆಯಿಂದ ಬಂದವರು. ನನ್ನ ಅಡುಗೆಮನೆಯ ಕಿಟಕಿಗೆ ನೇರ ಎದುರಿನ ಶೆಡ್ಡು ಹುಲಿಗೆವ್ವನದು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆಯೇ ಇಟ್ಟಿಗೆ, ಸಿಮೆಂಟು ಹೊರಲು ಹೋಗುತ್ತಾರೆ. ಮಗಳು ರೇಣುಕಾ ನಾನು ಕೊನೆಗೆ ಕೆಲಸ ಮಾಡಿದ ಶಾಲೆಯಲ್ಲೇ ನಾಲ್ಕನೆಯ ತರಗತಿ ಮುಗಿಸಿದ್ದಳು. ಅವಳು ಸೇರುವ ಹೊತ್ತಿಗೆ ನಾನು ಅಲ್ಲಿರಲಿಲ್ಲ. ಆದರೂ ಶಾಲೆಯ ಗೋಡೆಯಲ್ಲಿ ತೂಗುಹಾಕಿದ ಹಳೆಯ ಫೋಟೋದಲ್ಲಿ ನನ್ನನ್ನು ನೋಡಿ ಗುರುತು ಹಿಡಿದು, ಕಂಡಾಗಲೆಲ್ಲ ತನ್ನ ಕಡೆಯ ಮಾತಿನಲ್ಲಿ ಅಕ್ಕಾರ ಎಂದು ಕರೆಯುತ್ತಿದ್ದಳು. ಫೋಟೋದಲ್ಲಿ ನಾನು ಗಂಟು ಮುಖ ಹಾಕಿಕೊಂಡಿದ್ದೇನೆ. ಅಷ್ಟರಿಂದಲೇ ಗುರುತು ಹಿಡಿದಳೆಂದರೆ ಹುಡುಗಿ ಚುರುಕು.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಉಳಿದವರಿಗೆ ಗಲಾಟೆ, ನನ್ನಂಥವಳಿಗೆ ಆಸೆ. ಬಾಗಿಲು ಬಡಿಯುವವರು ಬರುತ್ತಾರಲ್ಲ. ಹಿಂದಿನ ಸಲ ಬಂದವರು ಕೆಳಗಿನ ಮನೆಯಲ್ಲೇ ಕೈಮುಗಿದು, ಮೇಲೆ ಒಂದೇ ಓಟು ಎಂದು ಗೊತ್ತಾಗಿ, ಮೆಟ್ಟಿಲ ಬುಡದಲ್ಲೇ ಚೀಟಿ ಇಟ್ಟು ಹೋಗಿದ್ದರು. ಒಂದು ಓಟಿಗೆ ಇಷ್ಟು ಮೆಟ್ಟಿಲು ಹತ್ತುವುದು ಅವರಿಗೂ ಗಿಟ್ಟುವುದಿಲ್ಲ ಎಂದು ನಾನೇ ಸಮಾಧಾನ ಮಾಡಿಕೊಂಡಿದ್ದೆ. ಈ ಸಲ ಮೆಟ್ಟಿಲ ಮೇಲೆ ನಿಜವಾಗಿ ಚಪ್ಪಲಿಯ ಸದ್ದು ಕೇಳಿತು. ಬಾಗಿಲು ತೆಗೆದರೆ ಗಜಾನನ.

ಗಜಾನನ ಭಾವಿಕೇರಿ ಕಡೆ ಶಾಲೆಯಲ್ಲಿ ನನ್ನ ವಿದ್ಯಾರ್ಥಿ. ಮಗ್ಗಿ ಹೇಳುವಾಗ ತುಟಿ ಅಲ್ಲಾಡಿಸುತ್ತ ಧ್ವನಿ ಮಾತ್ರ ಹೊರಡಿಸದೆ ವರ್ಷಗಟ್ಟಲೆ ನನ್ನನ್ನು ಯಾಮಾರಿಸಿದವನು. ಈಗ ಅಂಕೋಲೆಯಲ್ಲಿ ಸೌಂಡ್ ಸಿಸ್ಟಂ ಅಂಗಡಿ ಇಟ್ಟಿದ್ದಾನೆ. ಮದುವೆ, ಯಕ್ಷಗಾನ, ಸಭೆ ಯಾವುದಿದ್ದರೂ ಧ್ವನಿವರ್ಧಕ ಅವನದೇ. ಚುನಾವಣೆಯಲ್ಲಿ ಆಟೋಗಳ ಮೇಲೆ ಮೊಳಗಿಸುವ ಪ್ರಚಾರದ ಘೋಷಣೆಯನ್ನೂ ಅವನ ಅಂಗಡಿಯಲ್ಲೇ ಧ್ವನಿಮುದ್ರಣ ಮಾಡುತ್ತಾರೆ.

"ಅಕ್ಕೋರೆ, ಹೆಂಗಸರ ಧ್ವನಿ ಬೇಕಂತೆ. ಈಗಿನ ಹುಡ್ಗೀರು ಓದ್ರೆ ಸೋಪಿನ ಜಾಹೀರಾತು ಕೇಳ್ದಂಗೆ ಆಗ್ತದೆ. ನಿಮ್ಮ ಧ್ವನಿ ಆದ್ರೆ ಜನ ಹೆದ್ರಿಯಾದ್ರೂ ಓಟು ಹಾಕ್ತ್ರು," ಎಂದ.

ಮರ್ಯಾದೆಗೆ ಎರಡು ಸಲ ಬೇಡವೆಂದು, ಮೂರನೆಯ ಸಲ ಅವನು ಕೇಳದಿದ್ದರೆ ಕಷ್ಟವೆಂದು ಹೆದರಿ, ಒಪ್ಪಿಕೊಂಡೆ. ಮರುದಿನ ಇಸ್ತ್ರಿ ಸೀರೆ ಉಟ್ಟು ಅಂಕೋಲೆಯ ಬಸ್ಸು ಹತ್ತಿದೆ. ಅರ್ಗಾದ ಹತ್ತಿರ ನೌಕಾನೆಲೆಯ ಉದ್ದನೆಯ ಗೋಡೆ ಮುಗಿಯುವವರೆಗೂ ಬಾಯೊಳಗೇ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದಾಕೆ ವಾಂತಿ ಬರುತ್ತಿದೆಯೆಂದು ತಿಳಿದು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಅಂಗಡಿಯ ಹಿಂದಿನ ಸಣ್ಣ ಕೋಣೆಯ ಗೋಡೆಗಳಿಗೆ ಗಜಾನನ ಹಳೆಯ ರಜಾಯಿಗಳನ್ನು ತೂಗುಹಾಕಿದ್ದ. ಫ್ಯಾನು ಹಾಕುವಂತಿಲ್ಲ, ಸದ್ದು ಬರುತ್ತದೆ. ಆ ಬೇಗೆಯಲ್ಲಿ ಕೂತು ನಾನು 'ಮತದಾರ ಬಂಧುಗಳೇ' ಎಂದೆ. ರಜಾಯಿಗಳು ಬೆಚ್ಚಿದವು. ಗಜಾನನ ಸ್ವಲ್ಪ ಮೆಲ್ಲಗೆ ಎಂದ, ಮತ್ತೊಮ್ಮೆ ಎಂದ, ಈಗ ಪಸಂದಾಯ್ತು ಎಂದ. ಚಹಾ ತರಿಸಿಕೊಟ್ಟ. ನನ್ನ ಮಾತನ್ನು ಇನ್ನೊಮ್ಮೆ ಹೇಳಿ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು. ಅವತ್ತು ಬೇಕೆಂದೇ ನಾಲ್ಕಾರು ಕಡೆ ತಪ್ಪು ಓದಿದೆ ಎಂದರೆ ನೀವು ಯಾರಿಗೂ ಹೇಳಬಾರದು.

ಒಂದು ವಾರದಲ್ಲಿ ಎರಡನೆಯ ಅಭ್ಯರ್ಥಿಯ ಕಡೆಯವರೂ, ಅವರ ಹಿಂದೆಯೇ ಮೂರನೆಯವರೂ ಅದೇ ಧ್ವನಿ ಬೇಕೆಂದು ಗಜಾನನನ ಅಂಗಡಿಗೆ ಬಂದರು. ನಾನು ಇದು ಸರಿಯೇ ಎಂದು ತಡವರಿಸಿದೆ. ಟೇಲರು ಎಲ್ಲ ಪಕ್ಷದ ಬಾವುಟವನ್ನೂ ಹೊಲಿಯುತ್ತಾನೆ, ಅವನನ್ನು ಯಾರು ಕೇಳುತ್ತಾರೆ ಎಂದು ಗಜಾನನ ಸಮಾಧಾನ ಹೇಳಿದ. ನನಗೆ ಬೇಕಾದದ್ದೂ ಅಂಥ ಒಂದು ಸಮಾಧಾನವೇ. ಹೀಗೆ ನಾನು ಮೂವರಿಗೂ ಧ್ವನಿಯಾದೆ. ಬೆಳಿಗ್ಗೆ ಒಲೆಯ ಮೇಲೆ ಗಂಜಿ ಇಟ್ಟಿರುವಾಗ ಮೊದಲನೆಯವರ ಆಟೋ ಬಂದು ಅವರಿಗೇ ಮತ ಕೊಡಿ ಎಂದು ನನ್ನ ಧ್ವನಿಯಲ್ಲಿ ಕೇಳಿಕೊಳ್ಳುತ್ತಿತ್ತು. ಬಟ್ಟೆ ಒಣಗಿಸುವ ಹೊತ್ತಿಗೆ ಎರಡನೆಯವರದು ಬಂದು ಮೊದಲು ಬಂದವರ ಮಾತಿಗೆ ಮರುಳಾಗಬೇಡಿ ಎಂದು ಅದೇ ಧ್ವನಿಯಲ್ಲಿ ಎಚ್ಚರಿಸುತ್ತಿತ್ತು. ಮಾಲೀಕರ ಹೆಂಡತಿ ಒಂದು ದಿನ ಮೊದಲ ಬಾರಿಗೆ ಮೋಟರು ಬಿಟ್ಟು ಬೇರೆ ವಿಷಯ ಮಾತಾಡಿದರು. ಟೀಚರ್, ನೀವು ಕೊನೆಗೆ ಯಾರ ಕಡೆ ಎಂದು ಕೇಳಿದರು. ನಾನೇ ನೀರಿನ ಮೋಟರಿನ ವಿಷಯ ಎತ್ತಿದೆ. ಆದರೆ ಮನೆಯಲ್ಲಿ ಇನ್ನೊಬ್ಬ ಹೆಂಗಸು ಓಡಾಡಿಕೊಂಡಿರುವ ಹಾಗೆ ಹಿತವಾಗುತ್ತಿತ್ತು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಬಾಲ್ಕನಿಯಲ್ಲಿ ನಿಂತು ನನ್ನನ್ನು ನಾನೇ ಕಳಿಸಿಕೊಡುತ್ತಿದ್ದೆ.

ಶೆಡ್ಡಿನ ಮಕ್ಕಳು ಆಟೋದ ಹಿಂದೆ ಓಡುತ್ತ ನನ್ನ ಹಾಗೆಯೇ ಕೂಗುತ್ತಿದ್ದರು. ರೇಣುಕಾ ಎಲ್ಲರಿಗಿಂತ ಚೆನ್ನಾಗಿ ಅನುಕರಿಸುತ್ತಿದ್ದಳು. ಒಂದು ದಿನ ಅವಳು ಕಾಣಲಿಲ್ಲ. ನೋಡಿದರೆ ನಮ್ಮ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಸ್ಟೀಲಿನ ತಾಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಾಟು ತೊಳೆದಷ್ಟೇ ಚೊಕ್ಕಟವಾಗಿತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

"ಸಾಲಿ ಬಾಗಲಾ ತಗದಿತ್ತರೀ ಅಕ್ಕಾರ. ಓಡಿ ಬಂದು ತಾಟು ತಗೊಂಡು ಹೋದ್ನಿ."

ಬೇಸಿಗೆ ರಜೆಯಲ್ಲಿ ಶಾಲೆ ಯಾಕೆ ತೆಗೆದಿತ್ತು ಎಂಬುದು ನನಗೆ ತಕ್ಷಣ ಹೊಳೆಯಿತು. ಮತಗಟ್ಟೆ ಸಿದ್ಧ ಮಾಡಲು ಬಂದಿರುತ್ತಾರೆ. ಗೋಡೆಗೆ ಸುಣ್ಣ, ಬಲ್ಬು, ಮುರಿದ ಮೆಟ್ಟಿಲಿಗೆ ಸಿಮೆಂಟು, ಇವೆಲ್ಲ ನಮ್ಮ ಶಾಲೆಗಳಿಗೆ ಬರುವುದು ಹೀಗೆಯೇ. ರೇಣುಕಾ ದಿನಾ ಕೂರುವ ಜಗಲಿಯ ಜಾಗದಲ್ಲಿ ತಾಟು ಇಟ್ಟುಕೊಂಡು ಕೂತಳಂತೆ. ಬೇರೆ ಮಕ್ಕಳು ತಡವಾಗಿ ಬರಬಹುದು ಎಂದುಕೊಂಡಳಂತೆ. ಬಹಳ ಹೊತ್ತಿನ ಮೇಲೆ ಒಬ್ಬ ಸಾಹೇಬರು ನೋಡಿ ಹತ್ತಿರ ಬಂದರಂತೆ.

"ಇದು ಊಟಕ್ಕಲ್ಲವ್ವಾ, ಓಟಿಗೆ ಅಂದ್ರರೀ. ಬಿಸ್ಕೀಟು ಕೊಟ್ರು," ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಓಟು ಮುಗದ ಮ್ಯಾಲೆ ಊಟ ಐತೇನ್ರಿ?" ಎಂದು ಕೇಳಿದಳು.

ಅಳುತ್ತ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಬಸ್ಸಿನ ಸಮಯ ಕೇಳುವ ಹಾಗೆ ಕೇಳಿದಳು. ಅಪ್ಪ ಅಮ್ಮ ಬೆಳಿಗ್ಗೆ ಮಾಡಿಟ್ಟದ್ದನ್ನು ತಿಂದರೆ ಮತ್ತೆ ಅವಳಿಗೆ ಊಟ ಅವರು ಸಂಜೆ ಬಂದ ಮೇಲೆ. ನಡುವೆ ಶಾಲೆಯ ಬಿಸಿಯೂಟವಿತ್ತು. ರಜೆ ಬಂದು ಅದು ನಿಂತುಹೋಗಿತ್ತು. ನಾನು ಇಷ್ಟು ವರ್ಷ ಮಕ್ಕಳಿಗೆ ಬೇಸಿಗೆ ರಜೆ ಘೋಷಿಸುವಾಗ ಎಲ್ಲರೂ ಓ ಎಂದು ಕೂಗುತ್ತಿದ್ದರು. ಅವರಲ್ಲಿ ಕೂಗದೆ ಕೂತವರು ಯಾರು ಎಂದು ಎಂದೂ ನೋಡಿದವಳಲ್ಲ.

ಅವತ್ತು ನನ್ನ ಅನ್ನ, ಬಂಗಡೆ ಸಾರು ಇಬ್ಬರಿಗೂ ಸಾಕಾಯಿತು. ಮರುದಿನ ಮಧ್ಯಾಹ್ನ ಡಬ್ಬಿಯಲ್ಲಿ ಹಾಕಿ ಶೆಡ್ಡಿಗೆ ಕಳಿಸಿದೆ. ಅದರ ಮರುದಿನ ಬೆಳಿಗ್ಗೆ ಅದೇ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಹುಲಿಗೆವ್ವ ಸ್ವತಃ ಬಂದಳು. ಬಾಗಿಲ ಹೊರಗೇ ನಿಂತಳು, ಒಳಗೆ ಬರಲಿಲ್ಲ. ರೊಟ್ಟಿ ಬಿಸಿಯಾಗಿತ್ತು. ಅವರ ಮೂವರ ಪಾಲಿನಿಂದ ತೆಗೆದದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಹೀಗೆಲ್ಲ ಮಾಡಬಾರದು, ಮಗು ನಮ್ಮ ಶಾಲೆಯದು, ದಿನಾ ಬಂದು ಉಣ್ಣಲಿ ಎಂದು ನಾನು ಹೇಳಿದೆ.

"ಸಾಲಿ ಊಟ ಬ್ಯಾರೇರಿ ಅಕ್ಕಾರ. ಅಲ್ಲಿ ಎಲ್ಲಾ ಮಕ್ಕಳೂ ಸಾಲು ಹಿಡಿದು ಕುಂತು ಉಣ್ತಾವು, ಆಕೀನೂ ಉಣ್ತಾಳ. ನಿಮ್ಮನ್ಯಾಗ ಉಂಡ್ರ ಆಕಿ ಒಬ್ಬಾಕೀನ ಉಂಡಂಗಾತು," ಎಂದಳು. ಆಮೇಲೆ ನನಗೆ ಬೇಸರವಾದೀತೆಂದು ಮೆತ್ತಗೆ, "ಒಬ್ಬಾಕೀನ ಉಣ್ಣೂದು ರೂಢಿ ಆಗಬಾರದರಿ," ಎಂದು ಸೇರಿಸಿದಳು.

ಅವಳು ಮೆಟ್ಟಿಲಿಳಿದು ಹೋದ ಮೇಲೆ ನಾನು ಆ ರೊಟ್ಟಿಯನ್ನು ಒಬ್ಬಳೇ ಕೂತು ತಿಂದೆ. ರುಚಿಯಾಗಿತ್ತು. ಮತ್ತೆ ಡಬ್ಬಿ ಕಳಿಸುವ ಧೈರ್ಯ ಬರಲಿಲ್ಲ. ನಾನು ಕೊಟ್ಟಷ್ಟೂ ಅವರಿಗೆ ಖರ್ಚು.

ಗಜಾನನನಿಗೆ ಫೋನು ಮಾಡಿದೆ. ಹೊಸ ಘೋಷಣೆ ಓದಿಸುವಾಗ ರಜೆಯಲ್ಲಿ ಶೆಡ್ಡಿನ ಮಕ್ಕಳಂಥವರ ಊಟದ ಬಗ್ಗೆ ಒಂದು ಸಾಲು ಸೇರಿಸಬೇಕು ಎಂದೆ. ಅಲ್ಲಿಯವರೆಗೆ ನಾನು ಓದಿದ್ದರಲ್ಲಿ ಬಂದರು ಇತ್ತು, ರಸ್ತೆ ಇತ್ತು, ದೊಡ್ಡ ಆಸ್ಪತ್ರೆ ಇತ್ತು, ಸೇತುವೆಯಂತೂ ಮೂವರಲ್ಲೂ ಇತ್ತು. ಶಾಲೆ ಎಂಬ ಶಬ್ದ ಮೂವರಲ್ಲೂ ಇರಲಿಲ್ಲ. ಇದ್ದದ್ದು ಒಂದೇ ಕಡೆ, ಸಾರ್ವಜನಿಕ ಸಭೆ ಶಾಲಾ ಮೈದಾನದಲ್ಲಿ ನಡೆಯುತ್ತದೆ ಎಂಬಲ್ಲಿ. ಗಜಾನನ ಮೊದಲನೆಯವರ ಪ್ರಚಾರ ನೋಡಿಕೊಳ್ಳುವವರನ್ನು ಕೇಳಿ ಮತ್ತೆ ಫೋನು ಮಾಡಿದ.

"ಮಕ್ಕಳಿಗೆ ಓಟಿಲ್ಲಾ ಅಂದ್ರು ಅಕ್ಕೋರೆ. ಅಪ್ಪ ಅಮ್ಮಗೆ ಅದೆ ಅಲ್ಲಾ ಅಂದೆ. ಅವ್ರ ಓಟು ಕೊಪ್ಪಳದಲ್ಲಿ ಅದೆ, ಅಲ್ಲೇ ಹೋಗಿ ಕೇಳ್ಕಳ್ಳಿ ಅಂದ್ರು."

ಹಸಿವು ಕಾರವಾರದಲ್ಲಿ, ಓಟು ಕೊಪ್ಪಳದಲ್ಲಿ. ಆದರೆ ನನ್ನ ಬಳಿ ಕೆಂಪು ಪೆನ್ನಿತ್ತು. ಘೋಷಣೆಯ ಪಠ್ಯವನ್ನು ಮೊದಲು ಗಜಾನನ ಟೈಪು ಮಾಡುತ್ತಾನೆ. ಅದು ಚುನಾವಣಾ ಕಚೇರಿಗೆ ಹೋಗಿ ಅನುಮತಿಯ ಸೀಲು ಬಿದ್ದು ಬರಬೇಕು. ಆಮೇಲೆ ನಾನು ಓದಬೇಕು. ಕಳಿಸುವ ಮೊದಲು ಅಕ್ಷರ ತಪ್ಪು ತಿದ್ದಿಕೊಡುವುದು ನನ್ನ ಕೆಲಸ. ಅವನು ಈಗಲೂ 'ಅಭಿವೃದ್ಧಿ'ಯಲ್ಲಿ ಒತ್ತಕ್ಷರಗಳನ್ನು ತೋಚಿದ ಕಡೆ ಇಡುತ್ತಾನೆ. ಮೂವರ ಹೊಸ ಪಠ್ಯವೂ ಒಟ್ಟಿಗೆ ಬಂದಿತ್ತು. ಮೂರರಲ್ಲೂ ಅಭಿವೃದ್ಧಿಯನ್ನು ಸರಿಪಡಿಸಿ, ಕೊನೆಯಲ್ಲಿ ಒಂದು ಸಾಲು ಬರೆದೆ: ಬೇಸಿಗೆ ರಜೆಯಲ್ಲೂ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿಯೂಟ, ಯಾವ ಊರಿನ ಮಕ್ಕಳೇ ಆಗಿರಲಿ.

ಗಜಾನನ ಓದಿದ. ನನ್ನ ಮುಖ ನೋಡಿದ. ಮಗ್ಗಿ ಹೇಳುವಾಗ ಮಾಡುತ್ತಿದ್ದ ಹಾಗೆ ತುಟಿ ಅಲ್ಲಾಡಿಸಿದ, ಧ್ವನಿ ಹೊರಡಲಿಲ್ಲ. ಆಮೇಲೆ ಹೇಳಿದ, "ಅಕ್ಕೋರು ತಿದ್ದಿದ್ದ ನಾ ತಿದ್ದೂಕೆ ಆಗ್ತದ್ಯೆ?"

ಪಕ್ಷದವರು ಪಠ್ಯದಲ್ಲಿ ಅಭ್ಯರ್ಥಿಯ ಹೆಸರು ಸರಿಯಿದೆಯೇ, ಚಿಹ್ನೆ ಸರಿಯಿದೆಯೇ ಎಂದಷ್ಟೇ ನೋಡಿದರಂತೆ. ಸೀಲು ಬಿತ್ತು. ನಾನು ಓದಿದೆ. ರಜಾಯಿಗಳ ನಡುವೆ ಅವತ್ತು ನನಗೆ ಒಂದೂ ತಪ್ಪಲಿಲ್ಲ.

ಕಾರವಾರದಿಂದ ಅಂಕೋಲೆಯವರೆಗೆ ಮೂರು ಬಣ್ಣದ ಆಟೋಗಳು ಬಿಸಿಯೂಟ ಸಾರುತ್ತ ತಿರುಗಿದವು. ಮೊದಲನೆಯವರು ಈ ಮಾತು ಎರಡನೆಯವರದೆಂದೂ, ತಮ್ಮ ಕಡೆಯವರು ಚುರುಕಾಗಿ ಅದನ್ನು ಎತ್ತಿಕೊಂಡಿದ್ದಾರೆಂದೂ ತಿಳಿದರು. ಎರಡನೆಯವರು ಇದು ಮೂರನೆಯವರ ತಂತ್ರವೆಂದು ತಿಳಿದರು. ಮೂರನೆಯವರು ಒಂದು ಸಭೆಯಲ್ಲಿ ಈ ಯೋಚನೆ ಮೊದಲು ಹೊಳೆದದ್ದು ತಮಗೇ ಎಂದು ಎದೆ ತಟ್ಟಿಕೊಂಡು ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಮೀನು ಪೇಟೆಯಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಜನ ಮಕ್ಕಳ ಊಟದ ಬಗ್ಗೆ ವಾದ ಮಾಡತೊಡಗಿದರು. ಹೊರಗಿನವರ ಮಕ್ಕಳಿಗೆ ಯಾಕೆ ಎಂದು ಒಬ್ಬ ಕೇಳಿದ್ದಕ್ಕೆ, ಮನೆ ಕಟ್ಟುವಾಗ ಅವರ ಅಪ್ಪನನ್ನು ಹೊರಗಿನವನೆಂದು ವಾಪಸು ಕಳಿಸಿದ್ದೀಯಾ ಎಂದು ಇನ್ನೊಬ್ಬ ಕೇಳಿದನಂತೆ. ಇದನ್ನು ನನಗೆ ಹೇಳಿದವರು ಕೆಳಗಿನ ಮನೆಯವರು. ಆ ದಿನಗಳಲ್ಲಿ ನನ್ನ ಜೊತೆ ಎಲ್ಲರೂ ಮಾತಾಡುತ್ತಿದ್ದರು. ಗಂಟಲು ಪೂರ್ತಿ ಗುಣವಾಗಿತ್ತು.

ಒಂದು ಸಂಜೆ ಮೆಟ್ಟಿಲ ಮೇಲೆ ಬಹಳ ಚಪ್ಪಲಿಗಳ ಸದ್ದಾಯಿತು. ಬಂದವರು ಮೊದಲನೆಯ ಅಭ್ಯರ್ಥಿ, ಜೊತೆಗೆ ನಾಲ್ಕೈದು ಜನ. ಈ ಸಾಲನ್ನು ಮೊದಲು ಕೇಳಿದ್ದು ನಾನೆಂದು ಅವರ ಪ್ರಚಾರ ನೋಡಿಕೊಳ್ಳುವವರಿಗೆ ಅಷ್ಟರಲ್ಲಿ ನೆನಪಾಗಿತ್ತು. ನನ್ನ ಮನೆಯಲ್ಲಿ ಅಷ್ಟು ಕುರ್ಚಿಗಳಿಲ್ಲ. ಕೆಲವರು ಮಂಚದ ಮೇಲೆ ಕೂತರು, ಒಬ್ಬರು ಟಿ.ವಿ.ಗೆ ಒರಗಿ ನಿಂತರು. ಬೈಯಲು ಬಂದಿದ್ದಾರೆಂದು ಗೊತ್ತಿದ್ದರೂ ನನಗೆ ಮನೆ ತುಂಬಿದ್ದೇ ಸಂಭ್ರಮ. ಚಕ್ಕುಲಿ ಇಟ್ಟೆ, ಕೋಕಂ ಶರಬತ್ತು ಮಾಡಿದೆ. ಅಭ್ಯರ್ಥಿ ಸೌಮ್ಯ ಮನುಷ್ಯ. ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ಅಕ್ಕೋರೆ, ಈ ಬಿಸಿಯೂಟದ ಮಾತ ನಾ ಎಲ್ಲೂ ಹೇಳ್ಲಿಲ್ಲಾಗಿತ್ತು."

"ಹೇಳ್ತ್ರಿ. ದಿನಾ ಬೆಳಿಗ್ಗೆ ಇದೇ ರಸ್ತೇಲಿ ಹೇಳ್ತ್ರಿ," ಎಂದೆ.

ಜೊತೆಗಿದ್ದವರಲ್ಲಿ ಒಬ್ಬರು ಏನೋ ಹೇಳಲು ಹೋದರು, ಅಭ್ಯರ್ಥಿ ಕೈಯಾಡಿಸಿ ಸುಮ್ಮನಿರಿಸಿದರು. ಬೇಡವಾದರೆ ತೆಗೆಯೋಣ, ಊಟದ ಮಾತು ವಾಪಸು ತೆಗೆದುಕೊಂಡಿದ್ದೇವೆ ಎಂದು ನಾನೇ ಇನ್ನೊಂದು ಸಲ ಓದಿಕೊಡುತ್ತೇನೆ ಎಂದೆ. ಅವರು ನಕ್ಕುಬಿಟ್ಟರು. ಉಳಿದಿಬ್ಬರು ಹೇಳುತ್ತಿರುವಾಗ ತಾವು ತೆಗೆಯುವುದು ಹೇಗೆ ಎಂದರು. ತಾನೂ ಸರ್ಕಾರಿ ಶಾಲೆಯ ಉಪ್ಪಿಟ್ಟು ತಿಂದೇ ದೊಡ್ಡವನಾದದ್ದು ಎಂದು ಹೇಳಿ, ಆ ಉಪ್ಪಿಟ್ಟಿನ ವಾಸನೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹೊರಡುವಾಗ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಶೆಡ್ಡುಗಳನ್ನು ನೋಡಿದರು. ರೇಣುಕಾ ಕೊಡ ಇಟ್ಟುಕೊಂಡು ನಲ್ಲಿಯ ಹತ್ತಿರ ಕೂತಿದ್ದಳು.

"ಇವ್ರ ಓಟು ಇಲ್ಲಿ ಇಲ್ಲಾ ಅಲ್ರಾ?" ಎಂದು ಕೇಳಿದರು.

ಇಲ್ಲ ಎಂದೆ. ಹೌದು ಎಂದು ತಲೆಯಾಡಿಸಿದರು. ಎಲ್ಲರೂ ಇಳಿದು ಹೋದರು. ಬಚ್ಚಲಿನಲ್ಲಿ ಗ್ಲಾಸುಗಳ ರಾಶಿ ಬಿದ್ದಿತ್ತು. ಒಂದೇ ಗ್ಲಾಸು ತೊಳೆದು ರೂಢಿಯಾದ ಕೈ. ಅವತ್ತು ಅವನ್ನು ತೊಳೆಯಲು ಮನಸ್ಸಾಗದೆ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದಾಗ ಮನೆಗೆ ನೆಂಟರು ಬಂದ ಹಾಗಿತ್ತು.

ಮತದಾನದ ಮುಂಚಿನ ಸಂಜೆ ಶೆಡ್ಡುಗಳ ಎದುರು ಒಂದು ಬಸ್ಸು ಬಂದು ನಿಂತಿತು. ಕೊಪ್ಪಳದ ಕಡೆಯ ಯಾರೋ ಅಭ್ಯರ್ಥಿ ತಮ್ಮ ಮತದಾರರನ್ನು ಕರೆಸಿಕೊಳ್ಳಲು ಕಳಿಸಿದ್ದರು. ಓಟಿಗಾಗಿ ಇಷ್ಟು ದೂರ ಬಸ್ಸು ಬರುತ್ತದೆ ಎಂದು ನಾನು ಅಚ್ಚರಿಯಿಂದ ನೋಡುತ್ತ ನಿಂತೆ. ಹುಲಿಗೆವ್ವ ಹೊಸ ಸೀರೆ ಉಟ್ಟಿದ್ದಳು. ಅಲ್ಲಿಯವರನ್ನೂ ಮಕ್ಕಳ ಊಟದ ಬಗ್ಗೆ ಕೇಳು ಎಂದೆ. ಕೇಳುತ್ತೇನೆ, ಆದರೆ ಮಗಳು ಇರುವುದು ಕಾರವಾರದಲ್ಲಿ ತಾನೇ ಎನ್ನುತ್ತಾರೆ ಎಂದು ನಕ್ಕಳು. ರೇಣುಕಾ ಕಿಟಕಿಯಿಂದ ಕೈಬೀಸಿ, ನನ್ನ ಧ್ವನಿಯಲ್ಲಿ ಮತದಾರ ಬಂಧುಗಳೇ ಎಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವರು ಹೋದ ಮೇಲೆ ಪ್ರಚಾರದ ಆಟೋಗಳೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ನನ್ನ ಕುಕ್ಕರಿನ ಸೀಟಿ ಓಣಿಯಿಡೀ ಕೇಳಿತು.

ಮರುದಿನ ನನ್ನದೇ ಶಾಲೆಯ, ನನ್ನದೇ ತರಗತಿಯಲ್ಲಿ ಸಾಲಿನಲ್ಲಿ ನಿಂತು ಮತ ಹಾಕಲು ಹೋದೆ. ಯಂತ್ರದ ಮುಂದೆ ನಿಂತಾಗ ಒಂದು ಪೇಚಾಟವಾಯಿತು. ಊರಿನ ಉಳಿದವರು ಯಾವ ಭರವಸೆಯನ್ನಾದರೂ ನಂಬಿ ಗುಂಡಿ ಒತ್ತಬಹುದಿತ್ತು. ನನಗೆ ಆ ಅನುಕೂಲವಿರಲಿಲ್ಲ. ಮೂವರ ಭರವಸೆಯನ್ನೂ ಕೊಟ್ಟವಳು ನಾನೇ. ಯಾರಿಗೆ ಒತ್ತಿದೆ ಎಂದು ಹೇಳುವುದಿಲ್ಲ. ಹೊರಗೆ ಬಂದಾಗ ಮುಗಿಲು ಬೆಳ್ಳಗೆ ಉರಿಯುತ್ತಿತ್ತು. ಬೀದಿಯಲ್ಲಿ ಅಂಕೋಲೆಯ ಈಶಾಡ ಮಾವು ಮಾರುವವಳೊಬ್ಬಳೇ ಕೂತಿದ್ದಳು.

ಫಲಿತಾಂಶ ಬಂತು. ಮೂವರಲ್ಲಿ ಒಬ್ಬರು ಗೆದ್ದರು. ಅವರನ್ನು ನೋಡಲು ಹೋದೆ. ಮನೆಯ ಮುಂದೆ ಜಾತ್ರೆಯಷ್ಟು ಜನ. ನನ್ನನ್ನು ಗುರುತಿಸಿ ಅವರೇ ಎದ್ದು ಬಂದರು. ಈ ಅಕ್ಕೋರ ಧ್ವನಿಯಿಂದಲೇ ಗೆದ್ದೆ ಎಂದು ಎಲ್ಲರಿಗೂ ಹೇಳಿ ನನಗೆ ಶಾಲು ಹೊದಿಸಿದರು. ಊಟದ ವಿಷಯ ಎಂದು ಬಾಯಿ ತೆರೆದೆ. ಹಿಂದಿನಿಂದ ಪಟಾಕಿ ಹಚ್ಚಿದರು. ಊಟ ಆ ಕಡೆ ಪೆಂಡಾಲಿನಲ್ಲಿದೆ, ಮಾಡಿಕೊಂಡೇ ಹೋಗಬೇಕು ಎಂದು ಅವರು ಆಗ್ರಹದಿಂದ ಹೇಳಿ ಬೇರೆಯವರ ಕಡೆ ತಿರುಗಿದರು. ನಾನು ಉಣ್ಣದೆ ಬಂದೆ. ಮೇ ತಿಂಗಳ ಬಸ್ಸಿನಲ್ಲಿ ಉಣ್ಣೆಯ ಶಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಅಷ್ಟರಲ್ಲಿ ಶೆಡ್ಡಿನವರು ಮರಳಿದ್ದರು. ಬಸ್ಸಿಳಿದು ಬರುತ್ತಿದ್ದ ಹಾಗೆಯೇ ರೇಣುಕಾ ಓಡಿ ಬಂದಳು.

"ಅಕ್ಕಾರ, ನೀವು ಗೆದ್ದೀರಂತಲ್ಲರೀ."

ಗೆದ್ದದ್ದು ನಾನಲ್ಲ, ಅವರು ಎಂದು ವಿವರಿಸಲು ನೋಡಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. "ಅವರ ದನಿ ನಾ ಕೇಳೇ ಇಲ್ಲರಿ. ಹೇಳಿದ್ದು ನೀವರೀ. ನಾಳಿಂದ ಕೊಡ್ತೀರೇನ್ರಿ?" ಎಂದಳು.

ಯೋಚಿಸಿ ನೋಡಿದರೆ ಅವಳ ಲೆಕ್ಕ ಸರಿ. ಮೂವರಲ್ಲಿ ಯಾರೇ ಗೆದ್ದಿದ್ದರೂ ಅವಳ ಪಾಲಿಗೆ ಗೆಲ್ಲುವವ‌ಳು ನಾನೇ. ವಿಚಾರಿಸಿ ಹೇಳುತ್ತೇನೆ ಎಂದೆ. ಕಚೇರಿಗಳಲ್ಲಿ ಈ ಮಾತನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ, ಹೇಳಿದ್ದು ಅದೇ ಮೊದಲು. ಎಷ್ಟು ಸಲೀಸಾಗಿ ಬರುತ್ತದೆ ಎಂದು ಬೆರಗಾಯಿತು. ಆಮೇಲೆ ಎರಡು ಸಲ ಗೆದ್ದವರ ಕಚೇರಿಗೆ ಹೋದೆ. ಸಾಹೇಬರು ಬೆಂಗಳೂರಿನಲ್ಲಿದ್ದಾರೆ ಎಂದರು, ಕುರ್ಚಿ ಕೊಟ್ಟರು, ಚಹಾ ಕೊಟ್ಟರು, ನಿಮ್ಮ ಧ್ವನಿ ಈಗಲೂ ಕಿವಿಯಲ್ಲಿದೆ ಎಂದರು. ಅರ್ಜಿ ಕೊಟ್ಟು ಬಂದೆ. ಹಾಲು ತರಲು ಶೆಡ್ಡಿನ ಎದುರಿನ ದಾರಿ ಬಿಟ್ಟು ಮೀನು ಪೇಟೆ ಸುತ್ತಿಕೊಂಡು ಹೋಗಲು ಶುರುಮಾಡಿದೆ. ಗೆದ್ದವರೂ ನಮ್ಮ ಓಣಿಗೆ ಆಮೇಲೆ ಬರಲಿಲ್ಲ. ಅವರಿಗೂ ನನ್ನ ಹಾಗೆಯೇ ಯಾವುದೋ ಸುತ್ತುದಾರಿ ಇರಬೇಕು.

ಮಳೆಗೆ ಮುಂಚೆ ಶಾಲೆ ಶುರುವಾಯಿತು. ಅವತ್ತು ಮಧ್ಯಾಹ್ನ ಕೊಡೆ ರಿಪೇರಿಗೆ ಕೊಡುವ ನೆಪದಲ್ಲಿ ಆ ಕಡೆ ಹೋದೆ. ಗೇಟಿನಿಂದ ಸಾಂಬಾರಿನ ಪರಿಮಳ ಬರುತ್ತಿತ್ತು. ಹೊಸ ಸುಣ್ಣ ಬಳಿದ ಜಗಲಿಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು. ರೇಣುಕಾ ಬಾಯಿ ತುಂಬ ಅನ್ನ ತುಂಬಿಕೊಂಡಿದ್ದಳು. ನನ್ನನ್ನು ಕಂಡು ಪಕ್ಕದವಳಿಗೆ ಏನೋ ಹೇಳಿ ಎಡಗೈ ಎತ್ತಿ ಬೀಸಿದಳು. ಪಕ್ಕದವಳು ತನ್ನ ಪಕ್ಕದವಳಿಗೆ ಹೇಳಿದಳು. ಇಡೀ ಸಾಲು ನನ್ನ ಕಡೆ ತಿರುಗಿತು. ಒಳಗೆ ಹೋಗಿ ಅವರ ಜೊತೆ ಎರಡು ಮಾತಾಡಬಹುದಿತ್ತು. ಬರುವ ಬೇಸಿಗೆಯ ವಿಷಯ ಯಾರಾದರೂ ಕೇಳಿದರೆ ಎಂದು ಗೇಟು ದಾಟಲಿಲ್ಲ. ಏನು ಮಾಡುತ್ತಿದ್ದೇನೆ ಎಂದು ನನಗೆ ತಿಳಿಯುವ ಮೊದಲೇ ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಜೋಡಿಯಾದವು. ಗೆದ್ದವರು ತೆರೆದ ಜೀಪಿನ ಮೇಲೆ ನಿಂತು ಮಾಡುವ ಹಾಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಲ್ಲರಿಗೂ ನಮಸ್ಕಾರ ಮಾಡಿ, ಮುಖದ ತುಂಬ ನಗೆ ಇಟ್ಟುಕೊಂಡು, ನಿಲ್ಲದೆ ಮುಂದಕ್ಕೆ ಹೋದೆ.